ಸೋತಿದ್ದರೆ ಮೊದಲ ಆಯ್ಕೆ ಸಿಗುತ್ತಿತ್ತಂತೆ

ಜನವರಿ 9, 2022, ಭಾನುವಾರ ರಾತ್ರಿ
ನೋವೈ, ಮಿಶಿಗನ್

ನಮ್ಮ ಅಮೆರಿಕನ್ ಫುಟ್‌ಬಾಲ್ ತಂಡ ಡೆಟ್ರಾಯಿಟ್ ಲಯನ್ಸ್ ಇವತ್ತು ಗೆದ್ದರು. ಗ್ರೀನ್ ಬೇ ಪ್ಯಾಕರ್ಸ್ ಮೇಲೆ 37-30. ಈ ಸೀಸನ್‌ನ ಕೊನೆಯ ಪಂದ್ಯ. ನಾನಿನ್ನೂ ಸೋಫಾದಿಂದ ಎದ್ದಿರಲಿಲ್ಲ, ಕನ್ನಡ ಕೂಟದಲ್ಲಿ ಪರಿಚಯವಾದ ಗೆಳೆಯನ ಫೋನ್ ಬಂತು. "ಕೆಲಸ ಕೆಡಿಸಿಬಿಟ್ಟರಲ್ಲ ಮಾರಾಯ" ಅಂದ.

ಅವನ ಲೆಕ್ಕ ಸರಳ. ಅತಿ ಹೆಚ್ಚು ಸೋತ ತಂಡಕ್ಕೆ ಡ್ರಾಫ್ಟ್‌ನಲ್ಲಿ, ಅಂದರೆ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವಲ್ಲಿ, ಮೊದಲ ಆಯ್ಕೆ. ಕಾಲೇಜಿನಿಂದ ಬರುವ ಹುಡುಗರಲ್ಲಿ ಯಾರು ಬೇಕೋ ಅವರನ್ನು ಎಲ್ಲರಿಗಿಂತ ಮೊದಲು ಎತ್ತಿಕೊಳ್ಳಬಹುದು. ಕೊನೆಯ ಸ್ಥಾನದಲ್ಲಿದ್ದ ಜಾಕ್ಸನ್‌ವಿಲ್ ಕೂಡ ಇವತ್ತು ಗೆದ್ದಿತು. ಅಂದರೆ ನಾವು ಸುಮ್ನೆ ಸೋತಿದ್ದರೆ ಮೊದಲ ಆಯ್ಕೆ ಡೆಟ್ರಾಯಿಟ್‌ಗೆ ಬರುತ್ತಿತ್ತು. ಈಗ 3 ಗೆಲುವು, 13 ಸೋಲು, 1 ಟೈ. ಎರಡನೇ ಆಯ್ಕೆ.

ಫೋನಿನಲ್ಲಿ ವಾದ ಮಾಡಲಿಲ್ಲ. ಅವನಿಗೆ ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

2008ರಲ್ಲಿ ಇದೇ ಲಯನ್ಸ್ ಆಡಿದ 16 ಪಂದ್ಯಗಳಲ್ಲಿ ಹದಿನಾರನ್ನೂ ಸೋತಿತ್ತು. ಮೊದಲ ಆಯ್ಕೆ ಸಿಕ್ಕಿತು. ಮ್ಯಾಥ್ಯೂ ಸ್ಟ್ಯಾಫರ್ಡ್ ಬಂದ. ಅದ್ಭುತ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ತಂಡದ ದಾಳಿ ನಡೆಸುವವನು), ಅದರಲ್ಲಿ ಎರಡು ಮಾತಿಲ್ಲ. 12 ವರ್ಷ ಇಲ್ಲಿ ಆಡಿದ, ನೋವು ನುಂಗಿಕೊಂಡು ಆಡಿದ. ಆದರೂ ಒಂದೇ ಒಂದು ಪ್ಲೇಆಫ್ (ಸೀಸನ್ ನಂತರದ ನಾಕೌಟ್) ಪಂದ್ಯ ಗೆಲ್ಲಲಾಗಲಿಲ್ಲ. ಈ ಊರು ಕೊನೆಯ ಸಲ ಪ್ಲೇಆಫ್ ಗೆಲುವು ಕಂಡದ್ದು 1992ರ ಜನವರಿಯಲ್ಲಿ. ಮೊದಲ ಆಯ್ಕೆ ಅನ್ನೋದು ಎಲ್ಲಾ ಕಾಯಿಲೆಗೂ ಮದ್ದಲ್ಲ, ಅಲ್ವಾ?

ಆ 2008ರ ತಂಡದಲ್ಲಿ ಟೈಟ್ ಎಂಡ್ ಅನ್ನೋ ಜಾಗದ ಆಟಗಾರರಾಗಿ ಡ್ಯಾನ್ ಕ್ಯಾಂಪ್‌ಬೆಲ್ ಇದ್ದರು. ಈಗ ನಮ್ಮ ಹೆಡ್ ಕೋಚ್. ಹೋದ ಜನವರಿಯಲ್ಲಿ ಕೆಲಸಕ್ಕೆ ಬಂದಾಗ, ನಮ್ಮನ್ನು ಕೆಡವಿದರೆ ಏಳುವಾಗ ಎದುರಾಳಿಯ ಮಂಡಿಚಿಪ್ಪು ಕಚ್ಚಿಕೊಂಡೇ ಏಳುತ್ತೇವೆ ಅಂದಿದ್ದರು. ದೇಶವೆಲ್ಲ ನಕ್ಕಿತು. ನನಗೂ ಅದು ಜಾಸ್ತಿ ಆಯಿತು ಅನ್ನಿಸಿತ್ತು. ಹಿಂದೆಯೇ ಸ್ಟ್ಯಾಫರ್ಡ್ ಲಾಸ್ ಏಂಜಲೀಸ್‌ಗೆ ಹೋದ, ಅಲ್ಲಿಂದ ಅವನ ಜಾಗಕ್ಕೆ ಜ್ಯಾರೆಡ್ ಗಾಫ್ ಬಂದ.

ಆಮೇಲೆ ಸೋಲುಗಳು ಶುರುವಾದವು. ಸೆಪ್ಟೆಂಬರ್ 26, ಬಾಲ್ಟಿಮೋರ್ ವಿರುದ್ಧ. ಗೆದ್ದೇಬಿಟ್ಟೆವು ಅಂದುಕೊಂಡಿದ್ದೆವು. ಅವರ ಜಸ್ಟಿನ್ ಟಕರ್ 66 ಯಾರ್ಡ್ ದೂರದಿಂದ ಒದ್ದ. ಚೆಂಡು ಅಡ್ಡಕಂಬಿಗೆ ಬಡಿದು, ಮೇಲಕ್ಕೆ ಚಿಮ್ಮಿ, ಆಚೆ ಬಿತ್ತು. ಈ ಆಟದ ದೊಡ್ಡ ಲೀಗ್ ಎನ್‌ಎಫ್‌ಎಲ್‌ನ ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ಉದ್ದದ ಫೀಲ್ಡ್ ಗೋಲ್ (ಕಂಬಗಳ ನಡುವೆ ಒದ್ದು 3 ಪಾಯಿಂಟ್). ಅದೂ ನಮ್ಮ ಮೇಲೆಯೇ ಆಗಬೇಕಿತ್ತು. ಎರಡು ವಾರ ಬಿಟ್ಟು ಮಿನೆಸೋಟದಲ್ಲಿ, ಕೊನೆಯ ನಿಮಿಷದಲ್ಲಿ ನಮ್ಮ ಟಚ್‌ಡೌನ್, ಅಂದರೆ ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸಿ 6 ಪಾಯಿಂಟ್. ಅದರ ಮೇಲೆ ಸುಲಭದ ಒದೆತದಿಂದ ಒಂದು ಪಾಯಿಂಟ್ ತಗೊಂಡು ಸಮ ಮಾಡಿಕೊಳ್ಳಬಹುದಿತ್ತು. ಕ್ಯಾಂಪ್‌ಬೆಲ್ ಕಷ್ಟದ ಎರಡು ಪಾಯಿಂಟ್‌ಗೇ ಕೈಹಾಕಿಸಿದರು, ಸಿಕ್ಕಿತು, 17-16. ಆದರೆ ಎದುರಾಳಿಗಳು 54 ಯಾರ್ಡ್‌ನಿಂದ ಒದ್ದು ಗೆದ್ದರು. ಪಂದ್ಯ ಮುಗಿದ ಮೇಲೆ ಕ್ಯಾಂಪ್‌ಬೆಲ್ ಪತ್ರಕರ್ತರ ಮುಂದೆ ಅತ್ತರು. ಆರೂವರೆ ಅಡಿ ಎತ್ತರದ ಆ ಮನುಷ್ಯ, ತನ್ನ ಹುಡುಗರು ಅಷ್ಟು ಕೊಟ್ಟೂ ಕಳೆದುಕೊಂಡರಲ್ಲ ಅಂತ. ಮಗಳು ಟಿವಿ ನೋಡಿ, "ದೊಡ್ಡವರೂ ಸೋತರೆ ಅಳ್ತಾರಾ?" ಅಂದಳು. ಅಳ್ತಾರೆ ಪುಟ್ಟಾ ಅಂದೆ. ಮಂಡಿಚಿಪ್ಪಿನ ಮಾತು ಅವತ್ತಿನಿಂದ ನನಗೆ ಬೇರೆಯಾಗಿ ಕೇಳಿಸತೊಡಗಿತು.

ಫಿಲಡೆಲ್ಫಿಯಾ ವಿರುದ್ಧ 44-6 ಸೋಲು. ಅದರ ಬಗ್ಗೆ ಏನೂ ಬರೆಯೋದಿಲ್ಲ. ಪಿಟ್ಸ್‌ಬರ್ಗ್‌ನ ಮಳೆಯಲ್ಲಿ 16-16 ಟೈ. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯಿಟ್‌ನಲ್ಲಿ ಆಟ ಇರಲೇಬೇಕು, 1934ರಲ್ಲಿ ಶುರುವಾದ ಪದ್ಧತಿ ಅದು. ಅವತ್ತೂ ಕೊನೆಯ ಒದೆತದಲ್ಲಿ ಸೋತೆವು. ಹನ್ನೊಂದು ಪಂದ್ಯ, ಒಂದೂ ಗೆಲುವಿಲ್ಲ.

ನವೆಂಬರ್ 30ರ ಮಂಗಳವಾರ ನಮ್ಮದೇ ಓಕ್‌ಲ್ಯಾಂಡ್ ಕೌಂಟಿಯ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ ಗುಂಡು ಹಾರಿತು. ನಾಲ್ಕು ಮಕ್ಕಳು ಸತ್ತರು. ಸುತ್ತಮುತ್ತಲ ಎಷ್ಟೋ ಶಾಲೆಗಳು ಆ ವಾರ ಬಾಗಿಲು ಹಾಕಿದವು. ಮನೆಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ. ಆ ಭಾನುವಾರ, ಡಿಸೆಂಬರ್ 5ಕ್ಕೆ, ಮತ್ತೆ ಮಿನೆಸೋಟ. ಟಿವಿ ಹಾಕುವ ಮನಸ್ಸೇ ಇರಲಿಲ್ಲ. ಕ್ಯಾಂಪ್‌ಬೆಲ್ ಆಕ್ಸ್‌ಫರ್ಡ್ ಶಾಲೆಯ ಟೋಪಿ ಹಾಕಿಕೊಂಡು ನಿಂತಿದ್ದರು. ಮುಂದಿದ್ದ ಆಟ ಕೊನೆಗೆ ಕೈಜಾರಿತು. ನಾಲ್ಕನೇ ಡೌನ್‌ನಲ್ಲಿ (ಕೊನೆಯ ಯತ್ನ, ತಪ್ಪಿದರೆ ಚೆಂಡು ಎದುರಾಳಿಗೆ), ತಮ್ಮದೇ ಅಂಗಳದಲ್ಲಿ, ಧೈರ್ಯ ಮಾಡಿ ಆಡಿಸಿದರು. ಗಾಫ್ ಕೈಯಿಂದ ಚೆಂಡು ಹೋಯಿತು. ಮಿನೆಸೋಟ 27-23. ಟೈಮ್‌ಔಟ್ ಒಂದೂ ಉಳಿದಿರಲಿಲ್ಲ. ಗಾಫ್ ಸ್ವಲ್ಪ ಸ್ವಲ್ಪವೇ 75 ಯಾರ್ಡ್ ಸಾಗಿದ. ಗಡಿಯಾರದಲ್ಲಿ 4 ಸೆಕೆಂಡ್. ಚೆಂಡು ಅಮಾನ್-ರಾ ಸೇಂಟ್ ಬ್ರೌನ್ ಎದೆಗೆ ಹೋಗಿ ಕೂತಿತು. 29-27. ಆ ಹುಡುಗನ ಮೊದಲ ಎನ್‌ಎಫ್‌ಎಲ್ ಟಚ್‌ಡೌನ್ ಅದು. ನಾನು ಕೂಗಿದ್ದಕ್ಕೆ ಮಗಳು ಮಹಡಿಯಿಂದ ಓಡಿಬಂದಳು.

ಕ್ಯಾಂಪ್‌ಬೆಲ್ ಗೆಲುವಿನ ಚೆಂಡನ್ನು ಆಕ್ಸ್‌ಫರ್ಡ್ ಊರಿಗೆ ಅರ್ಪಿಸಿದರು. ಸತ್ತ ಮಕ್ಕಳ ಹೆಸರು ಒಂದೊಂದಾಗಿ ಓದಿದರು. ಗಾಯಗೊಂಡವರದೂ ಓದಿದರು. ಒಂದು ವರ್ಷ ಕಾದು ಸಿಕ್ಕ ಗೆಲುವು, ಅದರ ಬಗ್ಗೆ ಮಾತಾಡುವ ಮೊದಲು.

ಆ ಗೆಲುವು ಕೂಡ ಡ್ರಾಫ್ಟ್ ಲೆಕ್ಕದಲ್ಲಿ ನಷ್ಟವೇ. ಗೆಳೆಯಾ, ಅದನ್ನು ವಾಪಸ್ ಕೊಡ್ತೀಯಾ?

ಇವತ್ತು ನಮ್ಮ ಫೋರ್ಡ್ ಫೀಲ್ಡ್ ಕ್ರೀಡಾಂಗಣದಲ್ಲಿ ಕಳೆದುಕೊಳ್ಳಲು ಏನೂ ಇರಲಿಲ್ಲ. ಚೆಂಡು ಹಿಡಿಯಬೇಕಾದ ರಿಸೀವರ್ ಟಾಮ್ ಕೆನಡಿ ತಾನೇ ಚೆಂಡು ಎಸೆದ, ಕಲಿಫ್ ರೇಮಂಡ್ ಹಿಡಿದು ಓಡಿದ, 75 ಯಾರ್ಡ್! ನಿಜ, ಪ್ಯಾಕರ್ಸ್‌ಗೂ ಈ ಪಂದ್ಯ ಬೇಕಿರಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್ ಅರ್ಧ ಆಟಕ್ಕೇ ಹೊರಗೆ ಕೂತ. ಆದರೆ ನಮ್ಮ ಹುಡುಗರು ಅರ್ಧಕ್ಕೆ ಬಿಡಲಿಲ್ಲ. ಬಿಡಿ ಅಂತ ಹೇಳುವ ಕೋಚ್ ಅಲ್ಲ ಇವರು.

ಗೆಳೆಯನ ಸಂಕಟವೂ ನನಗೆ ಅರ್ಥವಾಗುತ್ತದೆ. ಅವನಿಗೆ ಬೇಕಿರುವುದು ಏಡನ್ ಹಚಿನ್ಸನ್. ಮಿಶಿಗನ್ ವಿಶ್ವವಿದ್ಯಾಲಯದವನು, ನಮ್ಮ ಪಕ್ಕದ ಪ್ಲಿಮತ್‌ನ ಹುಡುಗ. ಡ್ರಾಫ್ಟ್ ಇರುವುದು ಏಪ್ರಿಲ್ 28ಕ್ಕೆ, ಲಾಸ್ ವೇಗಸ್‌ನಲ್ಲಿ. ಎರಡನೇ ಆಯ್ಕೆಯವರೆಗೆ ಅವನು ಉಳಿದಾನೋ ಇಲ್ಲವೋ. ಅವತ್ತು ನಮ್ಮನೆಗೇ ಬಾ, ಒಟ್ಟಿಗೆ ಕೂತು ನೋಡೋಣ ಅಂತ ಈಗಷ್ಟೇ ಮೆಸೇಜ್ ಹಾಕಿದೆ.