ಅವಳಿಗೆ ಇದೆಲ್ಲ ನೆನಪಿರುತ್ತಾ?

"ಇಷ್ಟು ಚಿಕ್ಕ ಮಗುನ ಎತ್ಕೊಂಡು ಎಲ್ಲಾ ಕಡೆ ಓಡಾಡ್ತೀರಲ್ಲ, ಅದಕ್ಕೇನು ನೆನಪಿರುತ್ತೆ?"

ಮಗಳು ಹುಟ್ಟಿದ ಮೇಲೆ ನನ್ನನ್ನು ಯಾರಾದರೂ ಏನಾದರೂ ಪದೇ ಪದೇ ಕೇಳಿದ್ದರೆ ಅದು ಇದೇ. ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳುತ್ತಾಳೆ. ಆಫೀಸಿನಲ್ಲಿ ಊಟದ ಹೊತ್ತಿಗೆ ಕೇಳುತ್ತಾರೆ. ಒಂದು ಸಲ ಆಟೋದವರೂ ಕೇಳಿದರು. ಯಾರೂ ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಮಗು ದಣಿಯುತ್ತೆ, ನೀವೂ ದಣಿಯುತ್ತೀರಿ, ಸ್ವಲ್ಪ ದೊಡ್ಡವಳಾದ ಮೇಲೆ ತೋರಿಸಿದರೆ ಆಯ್ತಲ್ಲ ಎನ್ನುವ ಕಾಳಜಿ ಅದರಲ್ಲಿದೆ. ನಾನು ಪ್ರತಿ ಸಲ ನಕ್ಕು ಎರಡು ಮಾತಾಡಿ ಮುಗಿಸುತ್ತೇನೆ. ಇವತ್ತು ಪೂರ್ತಿ ಉತ್ತರ ಬರೆಯೋಣ ಅನ್ನಿಸಿತು.

ನಾವಿರುವುದು ಮೈಸೂರಿನ ಸರಸ್ವತಿಪುರಂನಲ್ಲಿ. ಅತ್ತೆ, ಮಾವ, ನಾವಿಬ್ಬರು, ಪುಟ್ಟಿ. ಅವಳಿಗೀಗ ಎರಡು ವರ್ಷ ಮೂರು ತಿಂಗಳು.

ಕೇಳುವವರ ಮಾತಿನಲ್ಲಿ ನಿಜ ಇದೆ. ಇವತ್ತು ನೋಡಿದ್ದನ್ನು ಅವಳು ಇಪ್ಪತ್ತು ವರ್ಷದ ಮೇಲೆ ಹೇಳಲಾರಳು. ದೊಡ್ಡವರಾದ ಮೇಲೆ ನಮ್ಮ ಮೊದಲ ನೆನಪು ಯಾವುದು ಅಂತ ಹುಡುಕಿದರೆ, ಹೆಚ್ಚಿನವರಿಗೆ ಸಿಗುವುದು ಮೂರು, ಮೂರೂವರೆ ವರ್ಷದ ಹೊತ್ತಿನದು. ನನ್ನದು ಇನ್ನೂ ತಡ. ಹಂಚಿನ ಸೂರಿನಿಂದ ಮಳೆನೀರು ಹಿತ್ತಾಳೆ ಕೊಡಕ್ಕೆ ಬೀಳುವ ಸದ್ದು. ಪಕ್ಕದಲ್ಲಿ ತಮ್ಮನ ತೊಟ್ಟಿಲು ಇತ್ತು, ಅಂದರೆ ನನಗೆ ನಾಲ್ಕು ತುಂಬಿತ್ತು. ಅದಕ್ಕೆ ಹಿಂದಿನದು ಏನೂ ಇಲ್ಲ.

ಹಾಗಂತ ಈಗ ಅವಳಿಗೆ ನೆನಪೇ ಇರುವುದಿಲ್ಲ ಅನ್ನುವುದು ಬೇರೆ ಮಾತು. ಅದು ತಪ್ಪು.

ಕರೋಲಿನ್ ರೋವಿ-ಕೊಲಿಯರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ ಒಬ್ಬರಿದ್ದರು. ಕೂಸಿನ ಕಾಲಿಗೆ ರಿಬ್ಬನ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ತೊಟ್ಟಿಲ ಮೇಲೆ ತೂಗುವ ಆಟಿಕೆಗೆ ಕಟ್ಟುತ್ತಿದ್ದರು. ಕಾಲು ಒದ್ದರೆ ಆಟಿಕೆ ಕುಣಿಯುತ್ತದೆ. ಕೂಸು ಇದನ್ನು ಬೇಗ ಕಲಿಯುತ್ತದೆ. ಕೆಲವು ದಿನ ಬಿಟ್ಟು ಅದೇ ಆಟಿಕೆ ತೋರಿಸಿದಾಗ ಮತ್ತೆ ಒದೆಯುತ್ತಾ? ಎರಡು ತಿಂಗಳ ಕೂಸು ಒಂದೆರಡು ದಿನ ನೆನಪಿಟ್ಟುಕೊಂಡಿತ್ತು. ಆರು ತಿಂಗಳದ್ದು ಎರಡು ವಾರ. ಸ್ವಲ್ಪ ದೊಡ್ಡ ಮಕ್ಕಳಿಗೆ ಆಟದ ರೈಲು ಕೊಟ್ಟು ನೋಡಿದರೆ, ಒಂದೂವರೆ ವರ್ಷದ ಮಗುವಿಗೆ ಸುಮಾರು ಹದಿಮೂರು ವಾರ ನೆನಪಿತ್ತು. ಹದಿಮೂರು ವಾರ ಅಂದರೆ ಮೂರು ತಿಂಗಳು! ಇದನ್ನು ಓದಿದಾಗ ನನಗೆ ಆಶ್ಚರ್ಯವಾಗಿತ್ತು. ಆಮೇಲೆ ನಮ್ಮ ಮನೆಯಲ್ಲೇ ಅದನ್ನು ಕಂಡೆ.

ದಸರೆಗೆ ಸಾಕಷ್ಟು ಮುಂಚೆಯೇ ಕಾಡಿನ ಶಿಬಿರಗಳಿಂದ ಆನೆಗಳು ಮೈಸೂರಿಗೆ ಬರುತ್ತವೆ. ಅರಮನೆ ಆವರಣದಲ್ಲೇ ಬಿಡಾರ. ಬೆಳಗ್ಗೆ, ಸಂಜೆ ಅರಮನೆಯಿಂದ ಬನ್ನಿಮಂಟಪದವರೆಗೆ, ಸುಮಾರು ಐದು ಕಿಲೋಮೀಟರ್, ತಾಲೀಮು. ವಿಜಯದಶಮಿಯ ದಿನ 750 ಕಿಲೋ ತೂಕದ ಅಂಬಾರಿ ಹೊರಬೇಕಲ್ವಾ? ಅದಕ್ಕೆ ಬೆನ್ನಿನ ಮೇಲೆ ಮರಳಿನ ಮೂಟೆ ಹೇರಿ, ದಿನ ಕಳೆದ ಹಾಗೆ ತೂಕ ಜಾಸ್ತಿ ಮಾಡುತ್ತಾ ಅಭ್ಯಾಸ ಮಾಡಿಸುತ್ತಾರೆ.

ಜಂಬೂ ಸವಾರಿಗೆ ನಾವು ಅವಳನ್ನು ಕರೆದುಕೊಂಡು ಹೋಗಲಿಲ್ಲ. ಆ ನೂಕುನುಗ್ಗಲು, ಬಿಸಿಲು, ಗಂಟೆಗಟ್ಟಲೆ ಕಾಯುವುದು, ಎರಡು ವರ್ಷದ ಮಗುವಿಗೆ ಹೇಳಿಸಿದ್ದಲ್ಲ. ತಾಲೀಮಿಗೆ ಹೋದೆವು. ಬೆಳಗ್ಗೆ ಏಳರ ಹೊತ್ತಿಗೆ ಸಯ್ಯಾಜಿರಾವ್ ರಸ್ತೆಯಲ್ಲಿ, ದೇವರಾಜ ಮಾರುಕಟ್ಟೆಯ ಬದಿಗೆ ನಿಂತೆವು. ಹೂವಿನ ಮೂಟೆ ಬಿಚ್ಚುವ ಹೊತ್ತು. ಮಲ್ಲಿಗೆ, ಸೇವಂತಿಗೆ ವಾಸನೆ. ಪುಟ್ಟಿ ಅಪ್ಪನ ಸೊಂಟದ ಮೇಲಿದ್ದಳು. ಮೊದಲು ಗಂಟೆ ಸದ್ದು ಕೇಳಿಸಿತು. ಆಮೇಲೆ ಸಾಲಾಗಿ ಆನೆಗಳು, ಮುಂದೆ ಅಭಿಮನ್ಯು. 2020ರಲ್ಲಿ ಅಂಬಾರಿ ಹೊರಲು ಶುರು ಮಾಡಿದ ಆನೆ ಅದು. ಅವಳು ಕೂಗಲಿಲ್ಲ, ಕೈ ತೋರಿಸಲಿಲ್ಲ. ಅಪ್ಪನ ಅಂಗಿಯ ಕಾಲರನ್ನು ಮುಷ್ಟಿಯಲ್ಲಿ ಹಿಡಿದು ಬಾಯಿ ಅರ್ಧ ತೆರೆದು ನೋಡುತ್ತಿದ್ದಳು. ಅಷ್ಟು ದೊಡ್ಡ ಕಾಲು, ಅಷ್ಟು ಮೆತ್ತಗೆ ನೆಲಕ್ಕೆ ಬೀಳುತ್ತಿತ್ತು. ಪಕ್ಕದಲ್ಲಿದ್ದ ಹೂವಿನ ಅಜ್ಜಿ, "ನೋಡು ಮಗ, ಆನೆ ಮೂಟೆ ಹೊತ್ಕೊಂಡದೆ" ಅಂದರು. ಕಡೆಯ ಆನೆ ದಾಟಿದ ಮೇಲೆ ಪುಟ್ಟಿ ನಿಧಾನಕ್ಕೆ "ಮೂತೆ" ಅಂದಳು. ಅವತ್ತಿಗೆ ಅಷ್ಟೇ. ಮನೆಗೆ ಬಂದು ಇಡ್ಲಿ ತಿಂದು ಮಲಗಿದಳು.

ಆಗ ಅವಳಿಗೆ ಒಂದು ವರ್ಷ ಹತ್ತು ತಿಂಗಳು.

ಡಿಸೆಂಬರ್‌ನಲ್ಲಿ ಒಂದು ಭಾನುವಾರ ಇವರು ಮಂಚದ ಕೆಳಗೆ ಹೋದ ಚೆಂಡನ್ನು ತೆಗೆಯಲು ಮಂಡಿಯೂರಿ ಬಗ್ಗಿದ್ದರು. ಪುಟ್ಟಿ ಹಾಸಿಗೆಯಿಂದ ದಿಂಬು ಎಳೆದುಕೊಂಡು ಬಂದಳು. ಎರಡೂ ಕೈಯಲ್ಲಿ ಎತ್ತಿ ಅಪ್ಪನ ಬೆನ್ನ ಮೇಲೆ ಇಟ್ಟಳು. ಜಾರಿತು. ಮತ್ತೆ ಇಟ್ಟಳು. "ಮೂತೆ" ಅಂದಳು. ಆಮೇಲೆ "ನಡಿ" ಅಂದಳು.

ನಾನು ಬಾಗಿಲಲ್ಲೇ ನಿಂತುಬಿಟ್ಟೆ. ಮೂರು ತಿಂಗಳು ಆಗಿತ್ತು. ನಡುವೆ ನಾವು ಆನೆ ಫೋಟೊ ತೋರಿಸಿದ್ದೆವು, ನಿಜ. ಆದರೆ ನಮ್ಮ ಫೋಟೊಗಳಲ್ಲಿ ಸೊಂಡಿಲು ಇತ್ತು, ಜನರ ತಲೆ ಇತ್ತು, ಮೂಟೆ ಇರಲಿಲ್ಲ. ಅದನ್ನು ಅವಳೇ ಇಟ್ಟುಕೊಂಡಿದ್ದಳು.

ಎಲ್ಲಾ ಓಡಾಟವೂ ಹೀಗೆ ಚೆನ್ನಾಗಿ ಆಗಿದೆ ಅಂತ ಹೇಳಲಾರೆ. ಮೊದಲ ಹುಟ್ಟುಹಬ್ಬವನ್ನು ಹಾಲ್ ಹಿಡಿದು ಮಾಡಿದೆವು. ನೂರಿಪ್ಪತ್ತು ಜನ, ಬಲೂನಿನ ಕಮಾನು, ಮೈಕು. ಬಲೂನ್ ಒಡೆದ ಸದ್ದಿಗೆ ಮಗು ಬೆಚ್ಚಿಬಿದ್ದು ಅತ್ತಿತು. ಕೇಕ್ ಕತ್ತರಿಸುವ ಹೊತ್ತಿಗೆ ಅತ್ತೂ ಅತ್ತೂ ನನ್ನ ಹೆಗಲ ಮೇಲೇ ನಿದ್ದೆಹೋಯಿತು. ಆ ದಿನ ಅವಳದಾಗಿರಲಿಲ್ಲ, ನಮ್ಮದಾಗಿತ್ತು. ಅದಕ್ಕೆ ಎರಡನೆಯದನ್ನು ಮನೆಯಲ್ಲೇ ಮಾಡಿದೆವು. ಬೆಳಗ್ಗೆ ಎಣ್ಣೆನೀರು, ಆರತಿ, ಅತ್ತೆ ಮಾಡಿದ ಶಾವಿಗೆ ಪಾಯಸ. ಭಾನುವಾರ ಆಗಿದ್ದರಿಂದ ಸಂಜೆ ಅರಮನೆ ದೀಪ ನೋಡಲು ಹೋದೆವು. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತಿಕೊಳ್ಳುತ್ತವೆ. ದೀಪ ಆರಿದಾಗ ಅವಳು ಕತ್ತಲಲ್ಲೇ ಕೈ ಚಾಚಿ "ಇನ್ನೊಂದ್ಸಲ" ಅಂದಳು. ಇನ್ನೊಂದು ಭಾನುವಾರ ಮತ್ತೆ ಹೋದೆವು.

ಈಗ ನಾವು ಪಾಲಿಸುವುದು ಇಷ್ಟೇ. ಒಂದು ದಿನಕ್ಕೆ ಒಂದೇ ಜಾಗ. ಎರಡು ನಿದ್ದೆಗಳ ನಡುವೆ ಎಷ್ಟು ಆಗುತ್ತೋ ಅಷ್ಟು. ಮೊಸರನ್ನ, ಬಾಳೆಹಣ್ಣು, ಎರಡು ಜೊತೆ ಬಟ್ಟೆ ಚೀಲದಲ್ಲಿ ಇರಲೇಬೇಕು. ಅವಳು ಕಣ್ಣು ಉಜ್ಜಿದರೆ ಮನೆ ಕಡೆ ತಿರುಗುವುದು, ಟಿಕೆಟ್ ದುಡ್ಡು ಹೋಯ್ತಲ್ಲ ಅಂತ ಲೆಕ್ಕ ಹಾಕುವುದಿಲ್ಲ. ಮೃಗಾಲಯದಲ್ಲಿ ಪೂರ್ತಿ ಸುತ್ತು ಹಾಕಿಲ್ಲ, ಜಿರಾಫೆ ನೋಡಿ ವಾಪಸ್. (ಮಂಗಳವಾರ ರಜಾ ಇರುತ್ತೆ, ಹೊರ ಊರಿನಿಂದ ಬರುವವರು ಗಮನಿಸಿ.) ರೈಲ್ವೆ ಮ್ಯೂಸಿಯಂಗೆ ಮೂರು ಸಲ ಹೋಗಿದ್ದೇವೆ. ಅಲ್ಲಿ ಹಳೇ ಎಂಜಿನ್ನಿನ ಚಕ್ರ ಅವಳಿಗಿಂತ ಎತ್ತರ ಇದೆ, ಅದಕ್ಕೆ ಬೆನ್ನು ಕೊಟ್ಟು ನಿಲ್ಲುವುದು ಅವಳಿಗೆ ಇಷ್ಟ.

ಕುಕ್ಕರಹಳ್ಳಿ ಕೆರೆಗೆ ಮಾತ್ರ ವಾರ ತಪ್ಪುವುದಿಲ್ಲ. ಮನೆಗೆ ಹತ್ತಿರ ಅನ್ನುವುದು ಒಂದು ಕಾರಣ. ಇವರ ಹಕ್ಕಿ ಹುಚ್ಚು ಇನ್ನೊಂದು. ಮದುವೆಗೆ ಮುಂಚಿನಿಂದಲೂ ಬೈನಾಕ್ಯುಲರ್ ಕೊರಳಿಗೆ ಹಾಕಿಕೊಂಡು ಕೆರೆ ಸುತ್ತುವವರು. ಮಗು ಆದ ಮೇಲೆ ಮೊದಲ ಆರು ತಿಂಗಳು ಬಿಟ್ಟಿದ್ದರು. ನನಗೆ ಅದು ಸರಿಕಾಣಲಿಲ್ಲ. ಮಗುವಿಗಾಗಿ ಅಪ್ಪ ಅಮ್ಮ ತಮಗೆ ಪ್ರೀತಿಯಾದದ್ದನ್ನೆಲ್ಲ ಕಟ್ಟಿಟ್ಟರೆ, ಪ್ರೀತಿಯಿಂದ ಒಂದು ಕೆಲಸ ಮಾಡುವುದು ಹೇಗಿರುತ್ತೆ ಅಂತ ಅವಳು ಎಲ್ಲಿ ನೋಡಬೇಕು? ಈಗ ಮೂವರೂ ಹೋಗುತ್ತೇವೆ. ಮುಂಚೆ ಒಂದು ಗಂಟೆಯಲ್ಲಿ ಪೂರ್ತಿ ಸುತ್ತು ಮುಗಿಸುತ್ತಿದ್ದವರು ಈಗ ಅದೇ ಒಂದು ಗಂಟೆಯಲ್ಲಿ ಇನ್ನೂರು ಹೆಜ್ಜೆ ದಾಟುವುದಿಲ್ಲ. ದಾರಿಯಲ್ಲಿ ಇರುವೆ ಇರುತ್ತವೆ, ಒಣ ಕಾಯಿ ಇರುತ್ತವೆ. ಆದರೂ ಹೆಜ್ಜಾರ್ಲೆ, ನೀರುಕಾಗೆ, ಬೆಳ್ಳಕ್ಕಿ ಮೂರನ್ನೂ ಅವಳು ಬೇರೆ ಬೇರೆ ಗುರುತಿಸುತ್ತಾಳೆ. ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಲ್ಲ, ಸ್ನಾನ ಆದ ಮೇಲೆ ಇವಳೂ ಟವೆಲ್ಲಿನಲ್ಲಿ ಹಾಗೇ ಎರಡೂ ಕೈ ಅಗಲಿಸಿ ನಿಲ್ಲುತ್ತಾಳೆ.

ಹಬ್ಬದ ಮಾತು ಹೇಳದೆ ಹೋದರೆ ಉತ್ತರ ಅರ್ಧ ಆಗುತ್ತೆ. ಸಂಕ್ರಾಂತಿಗೆ ಈ ಕಡೆ ಚಿಕ್ಕ ಮಕ್ಕಳಿಗೆ ಎಲಚಿ ಹಣ್ಣು ಎರೆಯುತ್ತಾರೆ. ಮಣೆ ಮೇಲೆ ಕೂರಿಸಿ, ಎಲಚಿ ಹಣ್ಣು, ಕಬ್ಬಿನ ಚೂರು, ಚಿಲ್ಲರೆ ಕಾಸು ಎಲ್ಲ ಸೇರಿಸಿ ಸೇರಿನಲ್ಲಿ ತುಂಬಿ ತಲೆ ಮೇಲಿಂದ ಸುರಿಯುವುದು. ಸುತ್ತ ಕೂತ ಮಕ್ಕಳು ಆರಿಸಿಕೊಳ್ಳುತ್ತಾರೆ. ಆಮೇಲೆ ಆರತಿ. ಹೋದ ವರ್ಷ ಪುಟ್ಟಿ ಹಣ್ಣು ತಲೆಗೆ ತಾಗಿದ್ದೇ ಕಿರುಚಿಕೊಂಡಳು. ಈ ವರ್ಷ ಅತ್ತೆ ಮಣೆ ಹಾಕುತ್ತಿದ್ದ ಹಾಗೇ ಓಡಿ ಬಂದು ಕೂತಳು. ಸೇರು ಮೇಲಕ್ಕೆ ಹೋದಾಗ ಕಣ್ಣು ಗಟ್ಟಿಯಾಗಿ ಮುಚ್ಚಿ, ಕತ್ತು ಒಳಗೆ ಎಳೆದುಕೊಂಡು ಕಾಯುತ್ತಾ ಕೂತಳು. ಹಣ್ಣು ಸುರಿದಾಗ ನಕ್ಕಳು. ಹೋದ ವರ್ಷದ್ದು ಅವಳಿಗೆ ನೆನಪಿತ್ತಾ? ಹೌದು ಅಂತ ಪಣ ಕಟ್ಟಲಾರೆ. ಆದರೆ ಮನೆ, ಮಣೆ, ಅಜ್ಜಿಯ ಕೈ, ಆರತಿ ಹಾಡು, ಇವೆಲ್ಲ ಅವಳಿಗೆ ಪರಿಚಯದವು. ಹೆದರುವಂಥದ್ದು ಇಲ್ಲಿ ಏನೂ ಇಲ್ಲ ಅಂತ ಅವಳ ಮೈಗೆ ಗೊತ್ತಾಗಿತ್ತು.

ಚಿಕ್ಕ ಮಕ್ಕಳಿರುವವರಿಗೆ ಇಲ್ಲೊಂದು ಮಾತು. ಎಳ್ಳುಬೆಲ್ಲದಲ್ಲಿರುವ ಕಡಲೆಬೀಜ, ಹುರಿಗಡಲೆ, ಗಟ್ಟಿ ಬೆಲ್ಲದ ಚೂರು ಈ ವಯಸ್ಸಿಗೆ ಅಪಾಯ. ನಕ್ಕರೆ, ಓಡಿದರೆ ಉಸಿರಿನ ದಾರಿಗೆ ಹೋಗಿ ಸಿಕ್ಕಿಕೊಳ್ಳಬಹುದು. ನಾಲ್ಕೈದು ವರ್ಷ ಆಗುವವರೆಗೆ ಇಡೀ ಬೀಜ ಕೊಡಬೇಡಿ. ನಾವು ಅವಳ ಪಾಲನ್ನು ಮಿಕ್ಸಿಯಲ್ಲಿ ಪುಡಿ ಮಾಡಿಕೊಟ್ಟೆವು. ಎಲಚಿ ಹಣ್ಣಿನ ಬೀಜ ತೆಗೆದೇ ಬಾಯಿಗೆ ಇಟ್ಟೆವು. ಸಕ್ಕರೆ ಅಚ್ಚಿನ ಗಿಣಿಯ ಬಾಲ ಮಾತ್ರ ಚೀಪಿದಳು.

ಅವ್ವ ಅವತ್ತು ವಿಡಿಯೊ ಕಾಲ್‌ನಲ್ಲಿ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೋಣವಾ" ಅಂದಳು. ಪುಟ್ಟಿ ತನ್ನ ಬಟ್ಟಲನ್ನು ಫೋನಿಗೆ ಒತ್ತಿ ಹಿಡಿದಳು. ಪರದೆ ತುಂಬಾ ಎಳ್ಳಿನ ಪುಡಿ.

ರಾತ್ರಿ ದೀಪ ಆರಿಸಿದ ಮೇಲೆ ಆ ದಿನದ ಕಥೆ ಹೇಳುವುದು ನಮ್ಮ ಮನೆಯ ಅಭ್ಯಾಸ. ರಾಜ ರಾಣಿ ಕಥೆ ಅಲ್ಲ, ಅವಳ ದಿನದ ಕಥೆ. "ಇವತ್ತು ನಾವು ಎಲ್ಲಿಗೆ ಹೋದ್ವಿ? ಯಾರು ಸಿಕ್ಕಿದ್ರು? ಆಮೇಲೆ ಏನಾಯ್ತು?" ಅವಳು ಒಂದು ಪದ ಕೊಡುತ್ತಾಳೆ, ನಾನು ಅದನ್ನು ವಾಕ್ಯ ಮಾಡುತ್ತೇನೆ, ಅವಳು ಇನ್ನೊಂದು ಪದ ಕೊಡುತ್ತಾಳೆ. ಹಿಂದೆ ಆದದ್ದನ್ನು ಮಕ್ಕಳ ಜೊತೆ ಹೀಗೆ ಬಿಡಿಸಿ ಬಿಡಿಸಿ ಮಾತಾಡುವ ಮನೆಗಳಲ್ಲಿ ಮಕ್ಕಳ ನೆನಪು ಚೆನ್ನಾಗಿ ಬೆಳೆಯುತ್ತದೆ ಅಂತ ಸಂಶೋಧಕರು ಹೇಳುತ್ತಾರೆ. ನ್ಯೂಜಿಲೆಂಡಿನ ಮಾವೊರಿ ಜನರನ್ನು ಕೇಳಿ ನೋಡಿದಾಗ ಅವರ ಮೊದಲ ನೆನಪು ಸರಾಸರಿ ಮೂರು ವರ್ಷಕ್ಕಿಂತ ಮುಂಚಿನದಾಗಿತ್ತು. ಮನೆತನದ, ಹಿಂದಿನವರ ಕಥೆ ಹೇಳುವುದಕ್ಕೆ ತುಂಬಾ ಬೆಲೆ ಕೊಡುವ ಜನ ಅವರು. ನಮ್ಮಲ್ಲೂ ಅಜ್ಜಿಯರು "ನೀನು ಕೂಸಿದ್ದಾಗ ಒಂದಿನ ಏನಾಯ್ತು ಗೊತ್ತಾ" ಅಂತ ಶುರು ಮಾಡುತ್ತಿದ್ದರಲ್ಲ, ಅದನ್ನು ನಾವು ಬಿಡಬಾರದು.

ನನ್ನ ಹವ್ಯಾಸದ ಬಗ್ಗೆಯೂ ಕೇಳುತ್ತಾರೆ, ಈಗಲೂ ಕಸೂತಿ ಹಾಕ್ತೀಯಾ ಅಂತ. ಹಾಕುತ್ತೇನೆ. ಅವಳು ಮಧ್ಯಾಹ್ನ ಮಲಗಿದಾಗ ಇಪ್ಪತ್ತು ನಿಮಿಷ. ಸೂಜಿಯನ್ನು ಎಣಿಸಿ ಡಬ್ಬಿಗೆ ಹಾಕಿ ಬೀರುವಿನ ಮೇಲಿಡುತ್ತೇನೆ. ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ, ಎಳೆ ಎಣಿಸಿ ಹೊಲಿಯಬೇಕು. ಗವಂತಿ ಹೊಲಿಗೆ ಆದರೆ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣಬೇಕು. ಮೂರು ತಿಂಗಳಿಂದ ಒಂದು ಕುಶನ್ ಕವರ್ ನಡೀತಿದೆ. ಗೋಪುರ, ತೇರು, ಎರಡು ಆನೆ.

ಹೋದ ವಾರ ಅವಳು ಬೇಗ ಎದ್ದುಬಿಟ್ಟಳು. ಸೂಜಿ ಎತ್ತಿಟ್ಟು ಬಟ್ಟೆ ಕೊಟ್ಟೆ. ತೊಡೆ ಮೇಲೆ ಹರಡಿಕೊಂಡು ಬೆರಳಿಟ್ಟು ನೋಡಿದಳು. ಗೋಪುರ ಬಿಟ್ಟಳು, ತೇರು ಬಿಟ್ಟಳು. ಆನೆಯ ಹತ್ತಿರ ನಿಂತಳು. "ಆನೆ" ಅಂದಳು. ಬೆನ್ನಿನ ಮೇಲಿನ ಖಾಲಿ ಜಾಗವನ್ನು ಎರಡು ಸಲ ತಟ್ಟಿ ನನ್ನ ಮುಖ ನೋಡಿದಳು.

"ಮೂತೆ ಎಲ್ಲಿ ಅಮ್ಮಾ?"

ಸಾಂಪ್ರದಾಯಿಕ ಆನೆಗೆ ಅಂಬಾರಿ ಇರುತ್ತದೆ, ಮೂಟೆ ಇರುವುದಿಲ್ಲ. ಅವತ್ತು ರಾತ್ರಿ ಅವಳು ಮಲಗಿದ ಮೇಲೆ ಡಬ್ಬಿ ಇಳಿಸಿದೆ. ಎಳೆ ಎಣಿಸಿ, ಹಸಿರು ದಾರದಲ್ಲಿ, ಒಂದೊಂದು ಆನೆಗೆ ಒಂದೊಂದು ಮೂಟೆ ಹೊಲಿದೆ.