22 ಮೆಟ್ಟಿಲು

ಉದ್ಯಮಬಾಗದ ನಮ್ಮ ಕಾರ್ಖಾನೆಯಲ್ಲಿ ಲೆಕ್ಕದ ಕೋಣೆಯನ್ನು ಮಹಡಿಗೆ ಸಾಗಿಸಿದ್ದು ಮಳೆಗಾಲದಲ್ಲಿ. 22 ಮೆಟ್ಟಿಲು. ಚಿಕ್ಕಂದಿನಲ್ಲೇ ಪೋಲಿಯೊ ಆದ ನನ್ನ ಬಲಗಾಲಿಗೆ ಕ್ಯಾಲಿಪರ್, ಅಂದರೆ ಆಧಾರಕ್ಕೆ ಕಟ್ಟುವ ಪಟ್ಟಿ. ಬೆಳಗಾವಿ ಮಳೆ ಗೊತ್ತಲ್ಲ, ಎಲ್ಲರ ಒದ್ದೆ ಚಪ್ಪಲಿಗೆ ಮೆಟ್ಟಿಲೆಲ್ಲ ಜಾರು. ಹೇಗೋ ಹತ್ತಿಬಿಡುತ್ತಿದ್ದೆ, ಆದರೆ ಶೌಚಾಲಯ ಇದ್ದದ್ದು ಕೆಳಗೆ. ನೀರು ಕುಡಿಯುವುದನ್ನೇ ಬಿಟ್ಟೆ. ಬೆಳಗ್ಗೆ ತುಂಬಿಸಿಕೊಂಡ ಬಾಟಲಿ ಸಂಜೆ ಹಾಗೇ ಮನೆಗೆ ಬರುತ್ತಿತ್ತು. ಅವ್ವನ ಬೈಗುಳ ಬೇರೆ.

ನನ್ನ ಟೇಬಲನ್ನು ಕೆಳಗಿಳಿಸಿ ಸ್ಟೋರಿನ ಪಕ್ಕ ಹಾಕಿಸಿ ಅಂತ ಕೇಳಿದೆ, ಅಂಗವಿಕಲರ ಕಾಯ್ದೆಯ ಮಾತನ್ನೂ ಎತ್ತಿದೆ. ಮಾಲಕರು ಕೆಟ್ಟವರಲ್ಲ, ಲಾಕ್‌ಡೌನಿನಲ್ಲೂ ಪಗಾರ ಕೊಟ್ಟವರು. "ಅಕ್ಕಾರ, ಅವೆಲ್ಲಾ ಸರ್ಕಾರಿ ನೌಕರಿಗ್ರಿ. ನಮ್ದು ಖಾಸಗಿ" ಅಂದರು.

ಅರ್ಧ ಖರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 4% ಮೀಸಲಾತಿ ಸರ್ಕಾರಿ ಸಂಸ್ಥೆಗಳಿಗೆ. ಸೇವೆಯಲ್ಲಿದ್ದಾಗ ಅಂಗವಿಕಲರಾದವರನ್ನು ತೆಗೆದುಹಾಕಬಾರದು ಎಂಬುದೂ ಅವಕ್ಕೇ. ಆದರೆ 21ನೇ ಕಲಮು ಖಾಸಗಿಯವರನ್ನೂ ಬಿಡುವುದಿಲ್ಲ: ಸಮಾನ ಅವಕಾಶ ನೀತಿ ಬರೆದು ಪ್ರಕಟಿಸಬೇಕು, ಒಂದು ಪ್ರತಿ ಅಂಗವಿಕಲರ ಆಯುಕ್ತರಲ್ಲಿ ನೋಂದಾಯಿಸಬೇಕು. 20 ಮಂದಿ ಅಥವಾ ಹೆಚ್ಚು ಇದ್ದರೆ, ಏನೇನು ಸೌಕರ್ಯ ಕೊಡುತ್ತೇವೆ, ಅದನ್ನು ನೋಡಿಕೊಳ್ಳುವ ಸಂಪರ್ಕ ಅಧಿಕಾರಿ ಯಾರು ಅಂತಲೂ ಅದರಲ್ಲಿ ಇರಬೇಕು ಎನ್ನುತ್ತವೆ 2017ರ ನಿಯಮಗಳು. ಕಾಯ್ದೆ ಮೀರಿದರೆ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ.

ಇದನ್ನೆಲ್ಲ ಹೇಳಿದಾಗ ಮಾಲಕರು, "ನಮ್ಮಲ್ಲಿ ಅಷ್ಟ್ ಮಂದಿ ಎಲ್ಲಿದಾರ್ರೀ?" ಅಂದರು.

ಈ ಪ್ರಶ್ನೆಯನ್ನು ಅವರು ನನ್ನನ್ನು ಬಿಟ್ಟು ಬೇರೆ ಯಾರನ್ನಾದರೂ ಕೇಳಬೇಕಿತ್ತು. ಪಗಾರ ಪಟ್ಟಿ ಮಾಡುವವಳು ನಾನು, ತಿಂಗಳಾ ಪಿಎಫ್ ತುಂಬುವವಳೂ ನಾನು. ಪಿಎಫ್ ಕಡ್ಡಾಯವಾಗುವುದಕ್ಕೂ ಅದೇ 20 ಮಂದಿಯ ಲೆಕ್ಕ. ಚಲನ್ ಮುಂದಿಟ್ಟೆ. 34 ಮಂದಿ. ಮಾಲಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹಂಗಾದ್ರ ಆ ಪಾಲಿಸಿ ನೀವ ಬರೀರಿ."

ಬರೆದೆ, ಒಂದೂವರೆ ಪುಟ. ಸಂಪರ್ಕ ಅಧಿಕಾರಿಯ ಜಾಗ ಖಾಲಿ ಬಿಟ್ಟಿದ್ದೆ. ಸಹಿಯಾಗಿ ಬಂದಾಗ ಅಲ್ಲಿ ನನ್ನ ಹೆಸರು. ಪಗಾರ ಮಾತ್ರ ಹಳೇದೇ.

ಸೋಮವಾರ ಟೇಬಲ್ ಕೆಳಗಿಳಿಯಿತು. ಕೂಲಂಟ್ ವಾಸನೆ, ಲೇಥಿನ ಗದ್ದಲ, ಫೋನಿನಲ್ಲಿ ಮಾತಾಡಲು ಹೊರಗೇ ಹೋಗಬೇಕು. ಇರಲಿ. ಶೌಚಾಲಯದಲ್ಲಿ ಹಿಡಿದುಕೊಂಡು ಏಳಲು ಆಸರೆಯಿರಲಿಲ್ಲ. ಅದನ್ನು ಪಾಲಿಸಿಯಲ್ಲಿ ಬರೆಯಲು ನನಗೇ ಸಂಕೋಚವಾಗಿತ್ತು. ವೆಲ್ಡರ್ ಹುಡುಗ ಊಟದ ಬಿಡುವಿನಲ್ಲಿ ಸ್ಕ್ರ್ಯಾಪಿನ ಒಂದಿಂಚಿನ ಪೈಪು ಬಗ್ಗಿಸಿ ಗೋಡೆಗೆ ಕೂಡಿಸಿಬಿಟ್ಟಿದ್ದ, ಯಾರೂ ಹೇಳದೆ.

"ಅಕ್ಕಾರ, ಬಣ್ಣ ಇನ್ನೂ ಒಣಗಿಲ್ರೀ!" ಅಂತ ಅವನು ಕೂಗುವಷ್ಟರಲ್ಲಿ ನನ್ನ ಅಂಗೈ ಹಸಿರಾಗಿತ್ತು.