ಮಳೆ ಲೆಕ್ಕದ ಪಾಠ

ಕೊಡಗಿನ ಮಕ್ಕಳಿಗೆ ದಶಮಾಂಶ ಕಲಿಸಲು ಮಳೆಗಿಂತ ಒಳ್ಳೆಯ ದಾರಿ ಇಲ್ಲ. ಇಲ್ಲಿನ ಎಷ್ಟೋ ಕಾಫಿ ತೋಟದ ಮನೆಗಳಲ್ಲಿ ಮಳೆಮಾಪಕ ಇರುತ್ತದೆ. ಲೆಕ್ಕ ಇಂಚು, ಸೆಂಟಿನಲ್ಲಿ. 100 ಸೆಂಟು ಸೇರಿದರೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮಕ್ಕಳು ಮನೆಯಿಂದ ಅಂಕಿ ಬರೆದು ತರುತ್ತಾರೆ. ತೋಟದ ಕಾರ್ಮಿಕರ ಲೈನ್ ಮನೆಯ ಮಕ್ಕಳೂ ಅಳೆಯಲಿ ಅಂತ ಶಾಲೆಯ ಅಂಗಳದಲ್ಲೂ ಒಂದು ಇಟ್ಟಿದ್ದೇವೆ.

ಸ್ಮಾರ್ಟ್ ಬೋರ್ಡಿಗೆ ಅಂಕಿ ಹಾಕಿದರೆ ತಕ್ಷಣ ಗ್ರಾಫ್ ಬರುತ್ತದೆ. ಅದನ್ನು ನಾನು ಮೊದಲೇ ತೋರಿಸುವುದಿಲ್ಲ. 'ಭಾಗಮಂಡಲದಲ್ಲಿ ಜಾಸ್ತಿನಾ, ಕುಶಾಲನಗರದಲ್ಲಾ? ಯಾಕೆ?' ಅಂತ ಕೇಳುತ್ತೇನೆ. ಪ್ರತಿಯೊಬ್ಬರೂ ಉತ್ತರ ಬರೆಯಬೇಕು, ಆಮೇಲೆ ಪಕ್ಕದವರ ಜೊತೆ ವಾದ ಮಾಡಬೇಕು. ಹಾರ್ವರ್ಡಿನಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನ ಇದು. ಆ ಗಲಾಟೆಯಲ್ಲಿ ಆಗುವ ಕಲಿಕೆ ಸುಮ್ನೆ ವಿಡಿಯೊ ನೋಡುತ್ತಾ ಕೂತರೆ ಆಗುವುದಿಲ್ಲ. ಭಾಗಮಂಡಲದ ಬೆಟ್ಟ ಮೋಡವನ್ನು ತಡೆಯುತ್ತದೆ, ಅದಕ್ಕೇ ಅಲ್ಲಿ ಮಳೆ ಜಾಸ್ತಿ ಅಂತ ಒಂದು ಮಗು ತಾನೇ ಕಂಡುಕೊಂಡು ಹೇಳಿದಾಗ ನನಗೆ ಆಗುವ ಖುಷಿಯೇ ಬೇರೆ!

ಮರುದಿನ ಪುಸ್ತಕ ಮುಚ್ಚಿ, ನೆನಪಿದ್ದಷ್ಟು ಬರೆಯಿರಿ ಅನ್ನುತ್ತೇನೆ. ಮತ್ತೆ ಮತ್ತೆ ಓದುವುದಕ್ಕಿಂತ ಹೀಗೆ ನೆನಪಿಸಿಕೊಂಡದ್ದೇ ವಾರದ ನಂತರವೂ ಹೆಚ್ಚು ಉಳಿಯುತ್ತದೆ ಅಂತ ಮನಶ್ಶಾಸ್ತ್ರಜ್ಞರಾದ ರೋಡಿಗರ್, ಕಾರ್ಪಿಕ್ 2006ರಲ್ಲೇ ತೋರಿಸಿದ್ದಾರೆ.

ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆಗೆ ಕರೆಂಟು ಹೋದರೂ ಪಾಠ ನಿಲ್ಲುವುದಿಲ್ಲ. ಗ್ರಾಫ್ ಹಾಳೆ, ಪೆನ್ಸಿಲ್ ಇದ್ದೇ ಇದೆ ಅಲ್ವಾ?

ಸೋಮವಾರಪೇಟೆ, ಪೊನ್ನಂಪೇಟೆ ಕಡೆಯ ಟೀಚರ್‌ಗಳೇ, ನಿಮ್ಮ ಶಾಲೆಯ ಮಳೆ ಲೆಕ್ಕವನ್ನೂ ಕಳಿಸಿ. ನಮ್ಮ ಮಕ್ಕಳು ಹೋಲಿಸಿ ನೋಡಲು ಕಾಯುತ್ತಿದ್ದಾರೆ.